ಅಂಟು ಹಿಡಿಯದ ಎಲೆ

ಸಸ್ಯೋದ್ಯಾನದ ನಿರ್ದೇಶಕರ ಹೆಸರು ಉದ್ಯಾನದೊಳಗೆ ಹನ್ನೊಂದು ಕಡೆ ಇತ್ತು. ಕಾರಂಜಿಯ ಕಟ್ಟೆಯಲ್ಲಿ ಒಂದು ಕಲ್ಲು, ಗಾಜಿನ ಮನೆಯ ಬಾಗಿಲಿಗೆ ಹಿತ್ತಾಳೆಯ ಫಲಕ, ಆರು ಬೆಂಚುಗಳ ಬೆನ್ನಿಗೆ ಆರು, ಶೌಚಾಲಯದ ಎರಡೂ ಬದಿಗೆ ಒಂದೊಂದು. ಕೊನೆಯದು ಗೊಬ್ಬರದ ಗುಂಡಿಯ ಗೋಡೆಯ ಮೇಲೆ. 'ಇವರ ಅಮೃತಹಸ್ತದಿಂದ ಉದ್ಘಾಟಿಸಲ್ಪಟ್ಟಿತು' ಎಂದು ಅಲ್ಲಿ ಕೆತ್ತಿಸಿದ್ದರು. ಅಮೃತಹಸ್ತ ತಾಗಿದ ಮೇಲೂ ಗುಂಡಿ ಮೊದಲಿನಷ್ಟೇ ನಾರುತ್ತಿತ್ತು. ಹನ್ನೆರಡನೆಯ ಸಲ ಅವರ ಹೆಸರು ಕಲ್ಲಿನ ಮೇಲಲ್ಲ, ಒಂದು ಗಿಡದ ಮೇಲೇ ಕೂರುತ್ತದೆ ಎಂಬ ಸುದ್ದಿ ಬಂದಾಗ, ಗಿಡದ ಪರವಾಗಿ ಹಲ್ಲು ಕಡಿದವಳು ಲ್ಯಾಟಿನಮ್ಮ ಒಬ್ಬಳೇ.

ಲ್ಯಾಟಿನಮ್ಮ ಎಂಬುದು ಕೆಲಸದವರು ಇಟ್ಟ ಹೆಸರು. ಅವಳು ಉದ್ಯಾನದ ಒಣಗಿಡಗಳ ಭಂಡಾರ ನೋಡಿಕೊಳ್ಳುವವಳು. ಎತ್ತರದ ಕಬ್ಬಿಣದ ಅಲಮಾರಿಗಳು, ಅವುಗಳೊಳಗೆ ದಪ್ಪ ಬಿಳಿ ಹಾಳೆಗಳು, ಒಂದೊಂದು ಹಾಳೆಗೂ ಒತ್ತಿ ಒಣಗಿಸಿ ಅಂಟಿಸಿದ ಒಂದೊಂದು ಗಿಡ, ಎಲ್ಲಕ್ಕೂ ನುಸಿಗುಳಿಗೆಯ ವಾಸನೆ. ಇದರ ಜೊತೆಗೆ ಉದ್ಯಾನದ ಮರಗಳಿಗೆ ಹೆಸರಿನ ಹಲಗೆ ಬರೆಸುವ ಕೆಲಸವೂ ಅವಳದೇ. ಹೆಸರು, ಅದರ ಅರ್ಥ, ಮರದ ತವರು, ಹೀಗೆ ಮೂರು ಸಾಲು. ಅರ್ಥ ತಿಳಿಯದೆ ಮರದ ನೆರಳಲ್ಲಿ ಕೂರುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಒಂದು ಭಾರಿ ಮರದ ಹಲಗೆಗೆ 'ಸ್ಟರ್ಕ್ಯುಲಿಯ ಫೀಟಿಡ: ಮೊದಲ ಪದ ಮಲಕ್ಕೂ ಗೊಬ್ಬರಕ್ಕೂ ಇರುವ ಲ್ಯಾಟಿನ್ ಮಾತಿನಿಂದ ಬಂದದ್ದು, ಎರಡನೆಯದಕ್ಕೆ ನಾರುವುದು ಎಂದು ಅರ್ಥ' ಎಂದು ಬರೆಸಿದ್ದಳು. ಗಣ್ಯರು ಬಂದಾಗ ಅದೇ ಮರದ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತಾರೆಂದು ನಿರ್ದೇಶಕರು ಆ ಹಲಗೆಯನ್ನು ಕೀಳಿಸಿದರು. ಲ್ಯಾಟಿನಮ್ಮ ಮರುವಾರ ಅದನ್ನೇ ಇನ್ನೂ ದಪ್ಪ ಅಕ್ಷರದಲ್ಲಿ ಬರೆಸಿದಳು.

ಗಿಡಗಳಿಗೆ ಮನುಷ್ಯರ ಹೆಸರಿಡುವುದನ್ನು ಅವಳು ಇಪ್ಪತ್ತು ವರ್ಷದಿಂದ ಹಳಿಯುತ್ತ ಬಂದಿದ್ದಳು. ಎಲೆಯನ್ನೋ ಬೇರನ್ನೋ ಹೇಳದೆ, ಯಾವನೋ ಸಾಹೇಬನನ್ನೋ ಅವನ ಹೆಂಡತಿಯನ್ನೋ ಹೇಳುವ ಹೆಸರು ಅವಳ ಪಾಲಿಗೆ ಹೆಸರೇ ಅಲ್ಲ. ಒಂದಕ್ಕೆ ಮಾತ್ರ ಮಾಫಿ ಕೊಟ್ಟಿದ್ದಳು, ಕಾಮೆಲೈನಕ್ಕೆ. ಅದರ ಹೂವಿಗೆ ದೊಡ್ಡ ನೀಲಿ ಎಸಳು ಎರಡು, ಮೂರನೆಯದು ಮಂಕಾದ ಒಂದು ಚೂರು. ಒಂದೇ ಮನೆತನದ ಮೂವರ ಮೇಲೆ ಆ ಹೆಸರು: ಇಬ್ಬರು ದೊಡ್ಡ ಸಸ್ಯಶಾಸ್ತ್ರಿಗಳು, ಮೂರನೆಯವನು ಏನೂ ಸಾಧಿಸದೆ ಸತ್ತವನು. ಹೆಸರಿಟ್ಟವನೇ ಇದನ್ನು ಬರೆದಿಟ್ಟಿದ್ದಾನೆ. ಇನ್ನೂರೈವತ್ತು ವರ್ಷಗಳಿಗೂ ಮಿಕ್ಕಿ ಆ ಪಾಪದವನು ದಿನಾ ಬೆಳಗ್ಗೆ ಅರಳಿ, ಮಧ್ಯಾಹ್ನಕ್ಕೆ ಬಾಡಿ, ಮರ್ಯಾದೆ ಕಳೆದುಕೊಳ್ಳುತ್ತಿದ್ದಾನೆ. ಹೆಸರು ಅಂದರೆ ಹಾಗಿರಬೇಕು ಎಂದು ಲ್ಯಾಟಿನಮ್ಮನ ಮತ.

ಅವಳೂ ತನ್ನ ಸುತ್ತಲಿನವರಿಗೆ ಒಳಗೊಳಗೇ ಹೆಸರಿಟ್ಟಿದ್ದಳು. ನಿರ್ದೇಶಕರು ಇನ್‌ಫ್ಲಾಟಸ್, ಊದಿಕೊಂಡದ್ದು. ಅವರ ಇಬ್ಬರು ಸಹಾಯಕರಲ್ಲಿ ಒಬ್ಬ ನ್ಯೂಟಾನ್ಸ್, ತಲೆಯಾಡಿಸುವುದು. ಇನ್ನೊಬ್ಬ ಪ್ರೋಕಂಬೆನ್ಸ್, ನೆಲಕ್ಕೆ ಒರಗಿ ಹರಡುವುದು. ಮನೆಯಲ್ಲಿ ಅತ್ತೆ ಯೂರೆನ್ಸ್, ತಾಗಿದರೆ ಉರಿಯುವುದು. ತನಗೆ ಮಾತ್ರ ಏನೂ ಇಟ್ಟುಕೊಂಡಿರಲಿಲ್ಲ. ಹೆಸರಿಡುವವರಿಗೆ ಹೆಸರು ಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ನಿರ್ದೇಶಕರು ಒಂದು ದಿನ ಅವಳನ್ನು ಕರೆಸಿದರು.

"ಬನ್ನಿ ಮೇಡಂ, ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ ಸರ್."

"ಆ ಹೊಸ ಗಿಡ ಇದೆಯಲ್ಲ, ಅದಕ್ಕೆ ನನ್ನ ಹೆಸರಿಡ್ತೀನಿ ಅಂತ ಪ್ರೊಫೆಸರ್ ಹಟ ಹಿಡಿದಿದ್ದಾರೆ. ನಾನು ಬೇಡ ಅಂದೆ. ಕೈಮುಗಿದು ಬೇಡ ಅಂದೆ."

"ಎಷ್ಟು ಸಲ ಸರ್?"

"ಏನು ಎಷ್ಟು ಸಲ?"

"ಬೇಡ ಅಂದದ್ದು."

"ಒಂದು ಸಲ," ಎಂದರು ನಿರ್ದೇಶಕರು. "ಜಾಸ್ತಿ ಬೇಡ ಅಂದ್ರೆ ದೊಡ್ಡವರಿಗೆ ಬೇಜಾರಾಗುತ್ತೆ ನೋಡಿ."

ಪ್ರೊಫೆಸರು ಬೇರೆ ಊರಿನ ಕಾಲೇಜಿನವರು, ನಿರ್ದೇಶಕರ ಹಳೆಯ ಗೆಳೆಯ. ತನ್ನ ಹೆಸರನ್ನು ತಾನೇ ಗಿಡಕ್ಕಿಟ್ಟರೆ ಊರೆಲ್ಲ ನಗುತ್ತದೆ. ಅದಕ್ಕೇ ಈ ಕಸುಬಿನಲ್ಲಿ ಒಂದು ಉಪಾಯವಿದೆ: ನೀನು ನನ್ನ ಬೆನ್ನು ತುರಿಸು, ನಾನು ನಿನ್ನ ಬೆನ್ನು ತುರಿಸುತ್ತೇನೆ. ಹೋದ ವರ್ಷ ನಿರ್ದೇಶಕರು ಒಂದು ಹುಲ್ಲಿಗೆ ಪ್ರೊಫೆಸರರ ಹೆಸರಿಟ್ಟಿದ್ದರು. ಈ ವರ್ಷ ಅವರ ಸರದಿ.

"ನಾನು ಬೇರೆ ಹೆಸರು ಸೂಚಿಸಿದ್ದೆ ಸರ್. ಸೆರಿಫೆರ. ಮೇಣ ಹೊತ್ತದ್ದು ಅಂತ ಅರ್ಥ. ಎಲೆಯ ಅಡಿಗೆ ಮೇಣದಂಥ ಪದರ ಇದೆ. ಗಿಡಕ್ಕೆ ಒಪ್ಪುತ್ತೆ."

"ಮೇಣ ಗೀಣ ಎಲ್ಲ ಯಾಕೆ ಮೇಡಂ? ಲೇಖನದಲ್ಲಿ 'ಹೆಸರಿನ ಮೂಲ' ಅಂತ ಒಂದು ಭಾಗ ಇರುತ್ತಲ್ಲ, ಅದನ್ನ ನೀವು ಬರೆದುಕೊಡಿ. ನಿಮ್ಮಷ್ಟು ಚೆನ್ನಾಗಿ ಬರೆಯೋರು ಇಲ್ಲಿ ಯಾರಿದ್ದಾರೆ? ಸ್ವಲ್ಪ ಧಾರಾಳವಾಗಿರಲಿ. ಅಪ್ರತಿಮ, ಅವಿಶ್ರಾಂತ, ಈ ಥರದ್ದು."

ಲ್ಯಾಟಿನಮ್ಮ ಭಂಡಾರಕ್ಕೆ ವಾಪಸು ಬಂದು ಅಲಮಾರಿಯ ಬಾಗಿಲನ್ನು ಬೇಕೆಂದೇ ದಢಾರನೆ ಹಾಕಿದಳು.

"ಬಾಗಿಲು ಏನು ಮಾಡ್ತು ಮೇಡಂ?" ಎಂದಳು ಗೋಂದಕ್ಕ, ತಲೆಯೆತ್ತದೆ.

ಗೋಂದಕ್ಕ ಗಿಡ ಅಂಟಿಸುವವಳು. ಕಿಟಕಿಯ ಪಕ್ಕದ ಉದ್ದ ಮೇಜು ಅವಳದು. ಅಲ್ಲಿ ಸ್ಟೀಲಿನ ಬಟ್ಟಲಲ್ಲಿ ಗೋಂದು, ಎರಡು ಬ್ರಷ್ಷು, ಹಳೆಯ ಪತ್ರಿಕೆಗಳ ರಾಶಿ, ಸೂಜಿ, ಬಿಳಿ ದಾರ, ಮೇಲೆ ಹೇರಲು ತಕ್ಕಡಿಯ ಹಳೇ ಬೊಟ್ಟುಗಳು. ಒಣಗಿದ ಗಿಡವನ್ನು ಮಗುವಿನ ಕೈ ಬಿಡಿಸಿದಂತೆ ಬಿಡಿಸಿ, ಒಂದು ಎಲೆ ಅಂಗಾತ, ಒಂದು ಎಲೆ ಕವುಚಿ ಬರುವಂತೆ ಕೂರಿಸುವಳು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಹಾಳೆ ಮಾಡಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಲ್ಯಾಟಿನಮ್ಮ ಅವಳಿಗೂ ಒಂದು ಹೆಸರಿಟ್ಟಿದ್ದಳು, ಗ್ಲುಟಿನೋಸ, ಅಂಟಿನಿಂದ ಕೂಡಿದ್ದು. ಅದನ್ನು ಬೈಗುಳವೆಂದು ಇಟ್ಟಿರಲಿಲ್ಲ. ಹೊಗಳಿಕೆಯೆಂದೂ ಅಲ್ಲ.

ಹೊಸ ಗಿಡ ಹೊಸದೆಂದು ಮೊದಲು ಕಂಡದ್ದು ಗೋಂದಕ್ಕನಿಗೇ. ಚರಂಡಿಯ ಬದಿಯಲ್ಲೂ ಪಾಳು ಗೋಡೆಯ ಮೇಲೂ ಬೆಳೆಯುವ ಒಂದು ಕಸದ ಗಿಡವಿದೆ. ಅದೇ ಇದು ಎಂದುಕೊಂಡು ಯಾರೋ ಒಂದು ಕಟ್ಟು ತಂದು ಹಾಕಿ ಹೋಗಿದ್ದರು. "ಮೇಡಂ, ಇದರ ಎಲೆ ಗೋಂದೇ ಹಿಡೀತಿಲ್ಲ. ಹಚ್ಚಿದಷ್ಟೂ ಜಾರ್ತಿದೆ. ಆ ಕಸದ ಗಿಡ ಹೀಗೆ ಮಾಡಲ್ಲ," ಎಂದು ಗೋಂದಕ್ಕ ತಂದು ತೋರಿಸಿದ್ದಳು. ಆಮೇಲೆ ಆ ಕಟ್ಟನ್ನೆಲ್ಲ ಗೋಂದಿಲ್ಲದೆ ದಾರದಿಂದ ಹೊಲಿದು ಮೂರು ಹಾಳೆ ಮಾಡಿದಳು. ಲ್ಯಾಟಿನಮ್ಮ ಭೂತಗನ್ನಡಿ ಹಿಡಿದು ಎರಡು ತಿಂಗಳು ಕೂತು ಅದು ಹೊಸದೆಂದು ಖಚಿತ ಮಾಡಿದ್ದಳು. ನಿರ್ದೇಶಕರು ಮಾಡಿದ್ದು ಇಷ್ಟೇ: ಸುದ್ದಿ ಕೇಳಿ ಗೆಳೆಯರಿಗೆ ಫೋನು ಮಾಡಿದರು.

"ಬಾಗಿಲು ಏನೂ ಮಾಡಲಿಲ್ಲ," ಎಂದಳು ಲ್ಯಾಟಿನಮ್ಮ. "ನಮ್ಮ ಸಾಹೇಬರ ಬಗ್ಗೆ ಪದ್ಯ ಬರೀಬೇಕಂತೆ."

"ಬರೀರಿ. ಅದಕ್ಕೆ ಮುಂಚೆ ಆ ಹೊಸ ಗಿಡದ ಮೊದಲನೇ ಹಾಳೆ ಒಂದು ಸಲ ನೋಡಿಬಿಡಿ." ಗೋಂದಕ್ಕ ಬ್ರಷ್ಷನ್ನು ಕೆಳಗಿಟ್ಟಳು. "ಬಲಗಡೆ ಕೆಳಗಿರೋ ಕೊಂಬೆ ನಮ್ಮದಲ್ಲ."

"ನಮ್ಮದಲ್ಲ ಅಂದ್ರೆ?"

"ಹೋದ ವಾರ ನೀವು ರಜೆ ಇದ್ರಲ್ಲ, ಆವಾಗ ಸಾಹೇಬರು ಬಂದ್ರು. ಹಾಳೆ ಖಾಲಿ ಖಾಲಿ ಕಾಣುತ್ತೆ, ಫೋಟೊಗೆ ಹೂ ಚೆನ್ನಾಗಿರಬೇಕು ಅಂದ್ರು. ಅದೇ ಗಿಡದ್ದು ಅಂತ ಹೂವಿರೋ ಕೊಂಬೆ ಒಂದನ್ನ ಬೇರೆ ಅಲಮಾರಿಯಿಂದ ಕಿತ್ಕೊಂಡು ಬಂದ್ರು. ಅಂಟಿಸು ಅಂದ್ರು. ಅಂಟಿಸ್ದೆ. ಒಂದೇ ಏಟಿಗೆ ಅಂಟ್ಕೊಂಡುಬಿಡ್ತು ಮೇಡಂ. ಅದೇ ನನಗೆ ಇರುಸುಮುರುಸು."

ಲ್ಯಾಟಿನಮ್ಮ ಹಾಳೆಯನ್ನು ಕಿಟಕಿಗೆ ಹಿಡಿದಳು. ನಾಲ್ಕು ಕೊಂಬೆಗಳ ಮೇಲೆ ದಾರದ ಸಣ್ಣ ಸಣ್ಣ ಹೊಲಿಗೆ. ಐದನೆಯದಕ್ಕೆ ದಾರವೇ ಇಲ್ಲ, ಬರೀ ಗೋಂದು. ತೊಟ್ಟಿನ ಬುಡದ ಕೂದಲು ನೋಡಿದರೆ ಸಾಕಾಗಿತ್ತು. ಅದು ಚರಂಡಿ ಬದಿಯ ಕಸದ ಗಿಡವೇ, ಬೇರೆ ಮಾತಿಲ್ಲ.

ಈ ಹಾಳೆ ಅಂತಿಂಥದಲ್ಲ. ಹೊಸ ಗಿಡಕ್ಕೆ ಹೆಸರಿಡುವಾಗ ಒಂದು ಹಾಳೆಯನ್ನು ಆರಿಸಿ, ಹೆಸರನ್ನು ಅದಕ್ಕೆ ಗಂಟು ಹಾಕುತ್ತಾರೆ. ಅದು ಮಾದರಿ ಹಾಳೆ. ಮುಂದೆ ಯಾರಿಗೇ ಅನುಮಾನ ಬಂದರೂ ಆ ಹಾಳೆಯ ಮುಂದೆಯೇ ಬಂದು ನಿಲ್ಲಬೇಕು. ಅದರಲ್ಲಿ ಎರಡು ಗಿಡ ಬೆರೆತಿದ್ದರೆ, ನಾಳೆ ಯಾರೋ ಒಬ್ಬರು ಬಂದು ಹೆಸರು ಯಾವ ಕೊಂಬೆಗೆ ಸೇರಬೇಕೆಂದು ತೀರ್ಮಾನಿಸುತ್ತಾರೆ. ಪ್ರೊಫೆಸರು ಹೂವಿನ ವಿವರಣೆಯನ್ನೆಲ್ಲ ಬರೆದದ್ದು ನಿರ್ದೇಶಕರು ಕಳಿಸಿದ ಫೋಟೊ ನೋಡಿಕೊಂಡು, ಅಂದರೆ ಐದನೆಯ ಕೊಂಬೆ ನೋಡಿಕೊಂಡು. ಹಾಗಾದರೆ ನಿರ್ದೇಶಕರ ಹೆಸರು ಒಂದಲ್ಲ ಒಂದು ದಿನ ಕಸದ ಗಿಡದ ಪಾಲಾಗುವ ಸಂಭವವೇ ಹೆಚ್ಚು. ಕಸಕ್ಕೆ ಆಗಲೇ ಹಳೆಯ ಹೆಸರಿರುವುದರಿಂದ ಇವರದು 'ತಪ್ಪಾಗಿ ಇಟ್ಟ ಇನ್ನೊಂದು ಹೆಸರು' ಎಂಬ ಸಾಲಿಗೆ ಇಳಿಯುತ್ತದೆ. ಪುಸ್ತಕ ಇರುವವರೆಗೂ ಆ ಸಾಲು ಇರುತ್ತದೆ.

ಲ್ಯಾಟಿನಮ್ಮನ ಮೈಯಲ್ಲಿ ತಣ್ಣನೆಯ ಸುಖವೊಂದು ಹರಿದಾಡಿತು. ಕಾಮೆಲೈನದ ಮೂರನೆಯ ಎಸಳು ಕಣ್ಣಮುಂದೆ ಬಂತು.

"ಇರಲಿ ಬಿಡಿ ಗೋಂದಕ್ಕ. ನಾನು ನೋಡ್ಕೋತೀನಿ. ನೀವು ಯಾರಿಗೂ ಹೇಳೋಕೆ ಹೋಗ್ಬೇಡಿ."

"ಸರಿ ಮೇಡಂ. ನೀವು ನೋಡ್ಕೋತೀರ ಅಂದ್ಮೇಲೆ ನನಗೇನು," ಎಂದು ಗೋಂದಕ್ಕ ನಿರಾಳವಾಗಿ ಬ್ರಷ್ಷು ಹಿಡಿದಳು.

ಲ್ಯಾಟಿನಮ್ಮ ಅಂದೇ ಕೂತು 'ಹೆಸರಿನ ಮೂಲ' ಬರೆದಳು. ಅಪ್ರತಿಮ ಇತ್ತು, ಅವಿಶ್ರಾಂತ ಇತ್ತು. ಅವರು ಕೇಳದಿದ್ದ ದೂರದರ್ಶಿ, ಸಸ್ಯಬಂಧು, ನಿಗರ್ವಿ ಕೂಡ ಸೇರಿ ಒಟ್ಟು ಒಂಬತ್ತು ಬಿರುದುಗಳು. ಏರಿಸಿದಷ್ಟೂ ಬೀಳುವುದು ಚೆನ್ನ. ನಿರ್ದೇಶಕರು ಓದಿ ಕಣ್ಣೊರೆಸಿಕೊಂಡರು. "ನೀವು ನನ್ನ ಬಗ್ಗೆ ಇಷ್ಟೆಲ್ಲ ಅಂದ್ಕೊಂಡಿದ್ದೀರಿ ಅಂತ ಗೊತ್ತೇ ಇರಲಿಲ್ಲ ಮೇಡಂ."

"ನನಗೂ ಗೊತ್ತಿರಲಿಲ್ಲ ಸರ್," ಎಂದಳು ಅವಳು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಹಿಡಿದರು. "ಏನೇ ಮುಖದಲ್ಲಿ ಇಷ್ಟು ಕಳೆ? ಯಾರಾದ್ರೂ ಜಾರಿ ಬಿದ್ರಾ?"

"ಇನ್ನೂ ಇಲ್ಲ ಅತ್ತೆ."

"ಅಂದ್ರೆ ಬೀಳ್ತಾರೆ ಅನ್ನು."

ಊಟಕ್ಕೆ ಕೂತಾಗ ಅವಳು ಎಲ್ಲ ಹೇಳಿದಳು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ನಕ್ಕು, ನೀರು ನೆತ್ತಿಗೇರಿ ಕೆಮ್ಮಿದ. ಅತ್ತೆ ನಗಲಿಲ್ಲ. ಅವರು ಪ್ರಾಯದಲ್ಲಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುತ್ತಿದ್ದವರು.

"ಆ ಅಂಟಿಸೋ ಹೆಂಗಸು ಏನಂದ್ಲು?"

"ಅವಳಿಗೇನು ಅತ್ತೆ? ಹೇಳಿದ ಹಾಗೆ ಅಂಟಿಸಿದ್ದಾಳೆ."

"ನಾನೂ ಹೇಳಿದ ಹಾಗೇ ಗುಂಡಿ ಹಾಕಿದ್ದೆ ಕಣೇ. ಬಣ್ಣ ತಪ್ಪಾಗಿ ಆರಿಸಿದ್ದು ಮೇಲಿನವನು. ಇಡೀ ದಿನ ಗೇಟಿನ ಹೊರಗೆ ನಿಲ್ಲಿಸಿದ್ದು ನನ್ನನ್ನ."

"ಇದು ಅಂಗಿ ಅಲ್ಲ ಅತ್ತೆ, ವಿಜ್ಞಾನ."

"ಹೌದಾ? ಹಾಗಾದ್ರೆ ಚೆನ್ನಾಗಿರಲಿ," ಎಂದು ಅತ್ತೆ ಎದ್ದು ಕೈ ತೊಳೆದರು. ಯೂರೆನ್ಸ್, ಎಂದುಕೊಂಡಳು ಲ್ಯಾಟಿನಮ್ಮ.

ಏಳು ದಿನ ಅವಳು ಆ ಸುಖದಲ್ಲೇ ಇದ್ದಳು. ಎಂಟನೆಯ ದಿನ ಅದನ್ನು ಇನ್ನಷ್ಟು ಚಪ್ಪರಿಸುವ ಆಸೆಯಾಯಿತು. ಇದೇ ರೀತಿ ಬೆರೆತ ಹಾಳೆಗಳಿಂದ ಹಿಂದೆ ಯಾರ್ಯಾರ ಹೆಸರು ಮಣ್ಣುಪಾಲಾಗಿದೆ ಎಂದು ನೋಡೋಣವೆಂದು ಗ್ರಂಥಾಲಯದಿಂದ ಹಳೆಯ ಸಂಚಿಕೆಗಳನ್ನು ತಂದು ಹರಡಿಕೊಂಡಳು. ಐದು ಪ್ರಕರಣ ಸಿಕ್ಕವು. ಮೊದಲನೆಯದರಲ್ಲಿ ಹೆಸರು ಸತ್ತಿತ್ತು. ಆದರೆ ಹೆಸರಿಟ್ಟವನ ಬಗ್ಗೆ ಒಂದು ಕೆಟ್ಟ ಮಾತಿರಲಿಲ್ಲ. 'ಗಿಡ ಅಂಟಿಸಿದವರ ಅಜಾಗರೂಕತೆಯಿಂದ' ಎಂದಿತ್ತು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ 'ಅಂಟಿಸುವ ಕೆಲಸದವರ ಅಜ್ಞಾನ' ಎಂದು ಇನ್ನೂ ಚೆನ್ನಾಗಿ ಹೇಳಿತ್ತು. ಯಾವ ಕಡೆಯೂ ಅಂಟಿಸಿದವರನ್ನು ಕೇಳಿದ ಗುರುತಿಲ್ಲ. ಹೆಸರಿಟ್ಟ ಮಹಾನುಭಾವರು ಅಡಿಟಿಪ್ಪಣಿಯ ಮೇಲೆ ಪಾದ ಒರೆಸಿಕೊಂಡು ದಾಟಿಹೋಗಿದ್ದರು. ಲ್ಯಾಟಿನಮ್ಮ ಅವರನ್ನೆಲ್ಲ ಮನಸಾರೆ ಹಳಿಯುತ್ತ ಐದನೆಯದನ್ನು ತೆರೆದಳು.

ಅದನ್ನು ಬರೆದವಳು ಅವಳೇ. ಹತ್ತೊಂಬತ್ತು ವರ್ಷದ ಹಿಂದಿನ ಒಂದೂವರೆ ಪುಟದ ಟಿಪ್ಪಣಿ. ಮೊದಲು ಅಚ್ಚಾದ ನಾಲ್ಕಾರು ಬರಹಗಳಲ್ಲಿ ಒಂದು. ಇದೇ ಭಂಡಾರದ ಒಂದು ಹಾಳೆಯಲ್ಲಿ ಎರಡು ಗಿಡ ಬೆರೆತಿರುವುದನ್ನು ಪತ್ತೆ ಮಾಡಿದ ಹೆಮ್ಮೆ ಸಾಲುಸಾಲಿನಲ್ಲೂ ಉಬ್ಬಿಕೊಂಡಿತ್ತು. ಕೊನೆಗೆ, 'ಅಂಟಿಸಿದವರ ಅಜಾಗರೂಕತೆಯಿಂದ ಈ ಪ್ರಮಾದ ಸಂಭವಿಸಿದೆ.'

ಹತ್ತೊಂಬತ್ತು ವರ್ಷದ ಹಿಂದೆಯೂ ಈ ಕೋಣೆಯಲ್ಲಿ ಗಿಡ ಅಂಟಿಸುತ್ತಿದ್ದವಳು ಒಬ್ಬಳೇ. ಕಿಟಕಿಯ ಪಕ್ಕ ಹನ್ನೆರಡು ಅಡಿ ದೂರದಲ್ಲಿ ಕೂತಿದ್ದಳು. ಅವಳನ್ನು ಒಂದು ಮಾತು ಕೇಳಬೇಕೆಂದು ತನಗೆ ಅನ್ನಿಸಿತ್ತೇ? ನೆನಪು ಮಾಡಿಕೊಳ್ಳಲು ಲ್ಯಾಟಿನಮ್ಮ ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಅನ್ನಿಸಿರಲಿಲ್ಲ.

ಅವಳು ನೇರವಾಗಿ ನಿರ್ದೇಶಕರ ಕೋಣೆಗೆ ಹೋದಳು. ನ್ಯೂಟಾನ್ಸ್ ಮತ್ತು ಪ್ರೋಕಂಬೆನ್ಸ್ ಇಬ್ಬರೂ ಅಲ್ಲೇ ಇದ್ದರು.

"ಸರ್, ಮಾದರಿ ಹಾಳೆಯಲ್ಲಿ ನೀವು ಸೇರಿಸಿದ ಕೊಂಬೆ ಬೇರೆ ಗಿಡದ್ದು. ಚರಂಡಿ ಕಸ."

ನಿರ್ದೇಶಕರ ಮುಖ ಒಮ್ಮೆ ಬಿಳಿಚಿ, ಮತ್ತೆ ಊದಿಕೊಂಡಿತು. "ಅದೇ ಥರ ಹೂವಲ್ವಾ?"

"ಅದೇ ಥರ. ಅದೇ ಅಲ್ಲ. ಈಗಲೇ ತೆಗೆಸಿ, ಪ್ರೊಫೆಸರ್‌ಗೆ ಹೇಳಿಬಿಡಿ."

"ಫೋಟೊ ಹೋಗಿದೆ ಮೇಡಂ, ವಿವರಣೆ ಬರೆದಾಗಿದೆ. ಅವರು ಗುರುವಾರ ಬರ್ತಿದ್ದಾರೆ, ಹಾಳೆಗೆ ಒಂದು ಸಲ ಕಣ್ಣಾಡಿಸಿ ಅಚ್ಚಿಗೆ ಕಳಿಸ್ತಾರೆ. ಇಷ್ಟು ದೂರ ಬಂದ ಮೇಲೆ ಇದೇನು? ಯಾರು ಗಮನಿಸ್ತಾರೆ?"

"ಗಮನಿಸ್ತಾರೆ. ಇವತ್ತಲ್ಲ, ಇಪ್ಪತ್ತು ವರ್ಷಕ್ಕೆ."

"ಗಮನಿಸಿದ್ರೆ ಅಂಟಿಸೋರ ತಪ್ಪು ಅಂದ್ರಾಯ್ತು. ಅಲ್ವೇನ್ರೀ?"

ಒಬ್ಬ ತಲೆಯಾಡಿಸಿದ. ಇನ್ನೊಬ್ಬ, "ಅವಳಿಗೆ ಕಣ್ಣೂ ಅಷ್ಟಕ್ಕಷ್ಟೇ ಸರ್," ಎಂದ.

ಲ್ಯಾಟಿನಮ್ಮನ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಎಲ್ಲವೂ ಒಂದಕ್ಕಿಂತ ಒಂದು ಚೂಪು. ಆದರೆ ಅವರು ಹೇಳಿದ್ದು ಅವಳದೇ ವಾಕ್ಯ. ಇವರು ಅದನ್ನು ಬಾಯಲ್ಲಿ ಹೇಳಿದರು, ಅವಳು ಅಚ್ಚು ಹಾಕಿಸಿದ್ದಳು, ಅಷ್ಟೇ ವ್ಯತ್ಯಾಸ.

ಗೋಂದಕ್ಕ ಕಿಟಕಿಯ ಬಳಿ ಒಂದು ಬಳ್ಳಿಯನ್ನು ಬಿಡಿಸುತ್ತಿದ್ದಳು. ಲ್ಯಾಟಿನಮ್ಮ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಹಾಗೆ ಅವಳು ಎಂದೂ ಕೂತದ್ದಿಲ್ಲ. ಗೋಂದಕ್ಕ ಗಾಬರಿಯಾಗಿ ಬ್ರಷ್ಷು ಕೆಳಗಿಟ್ಟಳು.

ಲ್ಯಾಟಿನಮ್ಮ ಹೇಳಿದಳು. ಹಾಳೆ ಹಾಗೇ ಹೋಗುತ್ತದೆಂದೂ, ಮುಂದೆ ಬಯಲಾದಾಗ ತಪ್ಪನ್ನು ಯಾರ ತಲೆಗೆ ಕಟ್ಟಬೇಕೆಂದು ಈಗಲೇ ತೀರ್ಮಾನವಾಗಿದೆಯೆಂದೂ ಹೇಳಿದಳು. ಗೋಂದಕ್ಕ ಬೆರಳಿಗಂಟಿದ ಗೋಂದನ್ನು ಸುಲಿಯುತ್ತ ಕೇಳಿಸಿಕೊಂಡಳು.

"ಹಾಳೆ ಹಾಗೇ ಹೋದ್ರೆ ಸಾಹೇಬರ ಮರ್ಯಾದೆ ಹೋಗುತ್ತೆ ಅಂತ ನಿಮಗೆ ಯಾವತ್ತು ಗೊತ್ತಾಯ್ತು?"

"ನೀವು ತೋರಿಸಿದ ದಿನಾನೇ."

"ಅದಕ್ಕೇ ಸುಮ್ಮನಿದ್ರಿ."

"ಹೂಂ."

"ಎಂಟು ದಿನ ನಗ್ತಾ ಓಡಾಡಿದ್ರಿ ಮೇಡಂ. ನಾನು ಅಂದ್ಕೊಂಡೆ, ಮನೇಲಿ ಏನೋ ಶುಭ ಸಮಾಚಾರ ಅಂತ."

ಲ್ಯಾಟಿನಮ್ಮ ಉಳಿದದ್ದನ್ನೂ ಹೇಳಿಬಿಟ್ಟಳು. ಹಳೆಯ ಸಂಚಿಕೆ ತಂದು ಆ ಸಾಲು ಓದಿದಳು. ಗೋಂದಕ್ಕ "ಇನ್ನೊಂದು ಸಲ ಓದಿ," ಎಂದಳು. ಓದಿದಳು.

"ಅದು ಯಾವ ಗಿಡ?"

ಲ್ಯಾಟಿನಮ್ಮ ಹೇಳಿದಳು.

"ನನಗೆ ನೆನಪಿದೆ ಅದು. ಎರಡೂ ಒಂದೇ ಪತ್ರಿಕೆಯ ಮಡಿಕೆಯೊಳಗೆ, ಒಂದೇ ನಂಬರ್ ಹಾಕಿ ಕಳಿಸಿದ್ರು. ಬೇರೆ ಬೇರೆ ಇದ್ದ ಹಾಗಿದೆ, ಎರಡು ಹಾಳೆ ಮಾಡ್ಲಾ ಅಂತ ಕೇಳಿದ್ದೆ. ಒಂದೇ ಮಾಡು, ಹಾಳೆ ದಂಡ ಮಾಡ್ಬೇಡ ಅಂದ್ರು."

"ಯಾರು?"

"ನೀವಲ್ಲ, ನಿಮಗಿಂತ ಮುಂಚೆ ಇದ್ದವರು. ಹೆದರ್ಕೋಬೇಡಿ," ಎಂದಳು ಗೋಂದಕ್ಕ. ಆ ದನಿಯಲ್ಲಿದ್ದ ತಾತ್ಸಾರವನ್ನು ಲ್ಯಾಟಿನಮ್ಮ ಕೂಡಲೇ ಗುರುತಿಸಿದಳು. ಬದುಕಿಡೀ ಬೇರೆಯವರಿಗೆ ಬಡಿಸಿದ್ದು ತನ್ನ ತಟ್ಟೆಗೆ ಬಿದ್ದರೆ ರುಚಿ ಗೊತ್ತಾಗದೆ ಇರುತ್ತದೆಯೇ?

ಭಂಡಾರಗಳಲ್ಲಿ ಒಂದು ಪದ್ಧತಿಯಿದೆ. ಹಾಳೆಯ ಗಿಡದ ಬಗ್ಗೆ ಏನಾದರೂ ಹೇಳುವುದಿದ್ದರೆ ಸಣ್ಣ ಚೀಟಿಯಲ್ಲಿ ಬರೆದು, ಸಹಿ, ತಾರೀಕು ಹಾಕಿ, ಹಾಳೆಯ ಮೇಲೇ ಅಂಟಿಸುತ್ತಾರೆ. ಒಮ್ಮೆ ಅಂಟಿಸಿದ್ದನ್ನು ಯಾರೂ ಕೀಳುವಂತಿಲ್ಲ. ಒಪ್ಪದವರು ಪಕ್ಕದಲ್ಲಿ ತಮ್ಮದೊಂದು ಚೀಟಿ ಅಂಟಿಸಬಹುದು. ಹೀಗೆ ನೂರು ವರ್ಷ ಒಬ್ಬರಿಗೊಬ್ಬರು ಮುಖ ಕಾಣದೆ ಜಗಳವಾಡಿದ ಪಂಡಿತರ ಹಾಳೆಗಳು ಅಲಮಾರಿಯ ತುಂಬ ಇದ್ದವು. ಇಪ್ಪತ್ತಾರು ವರ್ಷದಿಂದ ಅಂಥ ಚೀಟಿಗಳನ್ನೆಲ್ಲ ಅಂಟಿಸುತ್ತ ಬಂದವಳು ಗೋಂದಕ್ಕ. ಅವಳು ಬರೆದದ್ದು ಒಂದೂ ಇರಲಿಲ್ಲ.

"ಅಂಟಿಸೋರು ಚೀಟಿ ಬರೀಬಾರ್ದು ಅಂತ ಎಲ್ಲಾದ್ರೂ ಇದ್ಯಾ ಮೇಡಂ?"

"ಎಲ್ಲೂ ಇಲ್ಲ," ಎಂದಳು ಲ್ಯಾಟಿನಮ್ಮ. ಎಂದೂ ಯಾರೂ ಬರೆಯದೆ ಇದ್ದುದರಿಂದ, ಬರೆಯಬಾರದೆಂದು ನಿಯಮ ಮಾಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. "ಕೊಡಿ, ನಾನು ಸರಿಯಾದ ಪದಗಳಲ್ಲಿ ಬರೆದುಕೊಡ್ತೀನಿ."

"ಬೇಡ. ನನ್ನ ಬಗ್ಗೆ ನೀವು ಬರೆದದ್ದು ಒಂದು ಸಾಕು."

ಗೋಂದಕ್ಕ ನಿಧಾನವಾಗಿ, ಅಕ್ಷರ ಅಕ್ಷರವನ್ನೂ ಒತ್ತಿ ಬರೆದಳು. 'ಈ ಹಾಳೆಯಲ್ಲಿ ದಾರ ಹಾಕಿರುವ ನಾಲ್ಕು ಕೊಂಬೆ ಒಂದೇ ಗಿಡದವು. ಅದರ ಎಲೆಗೆ ಗೋಂದು ಹಿಡಿಯುವುದಿಲ್ಲ. ಬಲಗಡೆ ಕೆಳಗಿನ ಹೂವಿನ ಕೊಂಬೆಗೆ ಗೋಂದು ಹಿಡಿದಿದೆ. ಅದು ಬೇರೆ ಗಿಡ. ನಿರ್ದೇಶಕರು ತಂದುಕೊಟ್ಟು ಅಂಟಿಸು ಎಂದರು, ಅಂಟಿಸಿದೆ.' ಕೆಳಗೆ ಸಹಿ, ತಾರೀಕು. ಲ್ಯಾಟಿನಮ್ಮ ಓದಿದಳು. ಇಪ್ಪತ್ತು ವರ್ಷದಲ್ಲಿ ಅವಳು ಓದಿದ ಚೀಟಿಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಇರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದು, ಹೊಗಳುವ ಅರ್ಹತೆ ಸದ್ಯಕ್ಕೆ ತನಗಿಲ್ಲವೆಂದು ಮುಚ್ಚಿಕೊಂಡಳು.

ಗುರುವಾರ ಪ್ರೊಫೆಸರು ಬಂದರು. ನಿರ್ದೇಶಕರು ಹೊಸ ಕೋಟು ಹಾಕಿದ್ದರು. ಹಾಳೆಯ ಮಡಿಕೆ ತೆರೆಯುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡರು. ತೆರೆದ ಮೇಲೆ ಪ್ರೊಫೆಸರು ಚೀಟಿ ಓದಿದರು, ಕನ್ನಡಕ ಒರೆಸಿದರು, ಮತ್ತೆ ಓದಿದರು.

"ಇದೇನ್ರೀ ಇದು?"

"ಅದು... ನಮ್ಮಲ್ಲಿ ಅಂಟಿಸೋ ಹೆಂಗಸು ಒಬ್ಬಳಿದ್ದಾಳೆ, ಏನೋ ಬರೆದಿದ್ದಾಳೆ. ತೆಗೆಸಿಬಿಡ್ತೀನಿ."

"ಚೀಟಿ ತೆಗೆಸೋಕಾಗುತ್ತೇನ್ರೀ? ಭಂಡಾರ ಇದು!" ಪ್ರೊಫೆಸರರ ದನಿ ಕೀರಲಾಯಿತು. ಧರ್ಮಪ್ರಜ್ಞೆಗಿಂತ ಮೊದಲು ಅವರಿಗೆ ತಮ್ಮ ಚರ್ಮದ ಚಿಂತೆ. "ಅಯ್ಯೋ, ನಾನು ಹೂವಿನ ವಿವರಣೆಯೆಲ್ಲ ಈ ಕೊಂಬೆ ನೋಡ್ಕೊಂಡೇ ಬರೆದಿದ್ದೀನಲ್ರೀ! ನನ್ನನ್ನ ಮುಳುಗಿಸ್ತಿದ್ರಲ್ಲ!"

ಗೋಂದಕ್ಕನನ್ನು ಕರೆಸಿದರು. ಅವಳು ಬಂದು, ಹೊಸ ಗಿಡದ ಹಾಳೆಯಿಂದ ಉದುರಿದ ಒಂದು ಎಲೆ ಹೆಕ್ಕಿ, ಅದರ ಬೆನ್ನಿಗೆ ಗೋಂದು ಹಚ್ಚಿ ತೋರಿಸಿದಳು. ಗೋಂದು ಹನಿಹನಿಯಾಗಿ ಜಾರಿತು. ಕಸದ ಗಿಡದ ಎಲೆಯೊಂದಕ್ಕೆ ಹಚ್ಚಿದಳು. ಹಿಡಿಯಿತು. ಪ್ರೊಫೆಸರು ಅದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಅದೇ ಕಟ್ಟಿನ ಇನ್ನೊಂದು ಹಾಳೆ, ಹೂವಿಲ್ಲದೆ ಎರಡು ಬಾಡಿದ ಮೊಗ್ಗು ಮಾತ್ರ ಇದ್ದದ್ದು, ಮಾದರಿಯಾಯಿತು. ಇಡೀ ದಿನ ಕೂತು ಮೊಗ್ಗು ಬಿಡಿಸಿ ವಿವರಣೆ ಹೊಸದಾಗಿ ಬರೆದರು. ಸಂಜೆ ಹೊರಡುವಾಗ ಲ್ಯಾಟಿನಮ್ಮನ ಒಂಬತ್ತು ಬಿರುದುಗಳನ್ನೂ ಹೊಡೆದುಹಾಕಿದರು. ಉಳಿದದ್ದು 'ಉದ್ಯಾನದ ನಿರ್ದೇಶಕರ ಹೆಸರಿನಿಂದ' ಎಂಬ ಒಂದು ಸಾಲು. ಹೆಸರು ಬದಲಾಗಲಿಲ್ಲ. ಪ್ರೊಫೆಸರರ ಹುಲ್ಲು ಹೋದ ವರ್ಷವೇ ಅಚ್ಚಾಗಿತ್ತು, ಋಣ ತೀರಿಸದೆ ಹೋಗುವಂತಿರಲಿಲ್ಲ.

ಅಂತೂ ಇನ್‌ಫ್ಲಾಟಸ್‌ಗೆ ಗಿಡ ಸಿಕ್ಕಿತು. ಯಾರೂ ಅಲ್ಲಾಡಿಸಲಾಗದ ಹಾಗೆ, ಶುದ್ಧವಾಗಿ ಸಿಕ್ಕಿತು. ಬಾಯಿ ಮುಚ್ಚಿಕೊಂಡಿದ್ದರೆ ಕಸಕ್ಕೆ ಹೋಗಬೇಕಿದ್ದ ಹೆಸರನ್ನು ತಾನೇ ಒರೆಸಿ, ತೊಳೆದು, ಶಾಶ್ವತ ಮಾಡಿಕೊಟ್ಟಂತಾಯಿತಲ್ಲ ಎಂದು ಲ್ಯಾಟಿನಮ್ಮನ ಹೊಟ್ಟೆ ಉರಿಯಿತು. ಆ ಉರಿಯನ್ನು ಹಂಚಿಕೊಳ್ಳಲು ಕಿಟಕಿಯ ಕಡೆ ತಿರುಗಿದಳು.

"ನೋಡಿದ್ರಾ ಗೋಂದಕ್ಕ? ಕೊನೆಗೂ ಅವರ ಹೆಸರೇ!"

"ಇರಲಿ ಬಿಡಿ. ಗಿಡ ಸರಿಯಾಗಿದೆಯಲ್ಲ," ಎಂದಳು ಗೋಂದಕ್ಕ. "ಆ ಇನ್ನೊಂದು ಹಾಳೆ ಎಲ್ಲಿ?"

"ಯಾವುದು?"

"ಹತ್ತೊಂಬತ್ತು ವರ್ಷದ್ದು."

ಲ್ಯಾಟಿನಮ್ಮ ಏಣಿ ಹಾಕಿ ಮೇಲಿನ ಖಾನೆಯಿಂದ ಅದನ್ನು ಇಳಿಸಿ ತಂದಳು. ಹಾಳೆಯ ಅಂಚು ಹಳದಿಯಾಗಿತ್ತು, ಗಿಡ ಮಾತ್ರ ಅಂಟಿಸಿದ ದಿನದಂತೆ ಕೂತಿತ್ತು. ಗೋಂದಕ್ಕ ಒಂದು ಖಾಲಿ ಚೀಟಿಯನ್ನೂ ಪೆನ್ನನ್ನೂ ಅವಳ ಮುಂದೆ ಸರಿಸಿದಳು.

"ಇದಕ್ಕೆ ನೀವೇ ಬರೀರಿ. ಶುರು ಮಾಡಿದ್ದು ನೀವು ತಾನೇ?"

ಲ್ಯಾಟಿನಮ್ಮ ಬರೆದಳು. 'ಈ ಹಿಂದಿನ ಟಿಪ್ಪಣಿಯಲ್ಲಿ ಅಂಟಿಸಿದವರ ಬಗ್ಗೆ ವ್ಯಕ್ತಪಡಿಸಲಾದ ಅಭಿಪ್ರಾಯಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಕಂಡುಬರುತ್ತದೆ.'

ಗೋಂದಕ್ಕ ಹಾಳೆಯ ಕಡೆ ಬಾಗಿ ಓದಿದಳು. "ಕಂಡುಬರುತ್ತದೆ ಅಂದ್ರೆ? ಯಾರಿಗೆ ಕಂಡುಬಂತು?"

ಲ್ಯಾಟಿನಮ್ಮ ಅದನ್ನು ಹರಿದು ಇನ್ನೊಂದು ಬರೆದಳು. ಅದನ್ನು ತಾನೇ ಓದಿ, ಗೋಂದಕ್ಕ ಬಾಯಿ ತೆರೆಯುವ ಮೊದಲೇ ಹರಿದಳು. ಮೂರನೆಯದು ಚಿಕ್ಕದಾಗಿತ್ತು. 'ಎರಡು ಗಿಡವನ್ನೂ ಒಂದೇ ನಂಬರಿನಲ್ಲಿ ಕಳಿಸಿದ್ದರು. ಬೇರೆ ಹಾಳೆ ಮಾಡಲೇ ಎಂದು ಅಂಟಿಸಿದವರು ಕೇಳಿದ್ದರು, ಬೇಡವೆಂದರು. ನಾನು ಅವರನ್ನು ವಿಚಾರಿಸದೆ ತಪ್ಪು ಹೊರಿಸಿ ಬರೆದೆ.' ಸಹಿ ಹಾಕಿದಳು.

ಗೋಂದಕ್ಕ ಚೀಟಿಯ ಬೆನ್ನಿಗೆ ಬ್ರಷ್ಷು ಎಳೆದು, ಹಾಳೆಯ ಎಡ ಮೂಲೆಯಲ್ಲಿ ಕೂರಿಸಿ, ಅಂಚು ಮೇಲೇಳದಂತೆ ಹೆಬ್ಬೆರಳಿನಿಂದ ಎರಡು ಸಲ ಒತ್ತಿದಳು. ಮೇಲೊಂದು ತೂಕದ ಬೊಟ್ಟು ಹೇರಿದಳು.

"ಒಣಗೋವರೆಗೂ ಮುಟ್ಬೇಡಿ," ಎಂದು ಹೇಳಿ, ಅರ್ಧಕ್ಕೆ ಬಿಟ್ಟಿದ್ದ ಬಳ್ಳಿಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು.